ಐದು ಮಡಿಗೆ ಆರು ಗುಂಟೆ ಮಣ್ಣು

ಮಧುಕುಮಾರನಿಗೆ ಗುಣಿಸಲು ಬರುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ಹತ್ತನ್ನು ನಾಲ್ಕರಿಂದ ಗುಣಿಸಿದ, ಬಂದದ್ದನ್ನು ಹದಿನೆಂಟರಿಂದ ಗುಣಿಸಿದ. ಮೊಬೈಲು ಏಳುನೂರಿಪ್ಪತ್ತು ಎಂದಿತು, ಅವನೂ ಏಳುನೂರಿಪ್ಪತ್ತು ಎಂದ. ಹತ್ತು ಮತ್ತು ನಾಲ್ಕು ಅಡಿಗಳು, ಹದಿನೆಂಟು ಮಾತ್ರ ಇಂಚು. ಅಡಿಯನ್ನೂ ಇಂಚನ್ನೂ ಒಂದೇ ಚೀಲಕ್ಕೆ ಸುರಿದು ಬಾಯಿ ಕಟ್ಟಿದ, ಅಷ್ಟೆ. ಇಂಥ ತಪ್ಪು ಯಾರಿಂದಾದರೂ ಆಗುತ್ತದೆ. ತಪ್ಪಿನ ಭಾರ ಹೊರುವುದಕ್ಕೆ ಬೇರೆಯವರ ಹೊಲ ಸಿಗುವುದು ಮಾತ್ರ ಕೆಲವರಿಗೇ.

ಹಗರೆಯಿಂದ ಹಳೇಬೀಡಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ಅವನ ಹೋಮ್‌ಸ್ಟೇ ಇದೆ. ತೀರಿಹೋದ ಅಪ್ಪ ರಾಮಣ್ಣನ ಹಳೆಯ ಮನೆಯ ಹಿತ್ತಿಲಿಗೆ ಆರು ರೂಮು ಕಟ್ಟಿಸಿ, ಗೋಡೆಗೆ ಕೆಮ್ಮಣ್ಣಿನ ಬಣ್ಣ ಬಳಿಸಿ, ಬಾಗಿಲಿಗೆ ಒಂದೊಂದು ಲಾಟೀನು ನೇತುಹಾಕಿಸಿದ್ದ. ಲಾಟೀನಿನೊಳಗೆ ಎಲ್‌ಇಡಿ ಬಲ್ಬು. ದೇವಸ್ಥಾನ ನೋಡಲು ಬಂದವರು ಇಲ್ಲಿ ಇಳಿದುಕೊಂಡು, ಮುದ್ದೆ ತಿಂದು, ಮುದ್ದೆಯ ಫೋಟೋ ತೆಗೆದು ಹೋಗುತ್ತಿದ್ದರು. ಅವನ ಹೆಂಡತಿ ಶಿಲ್ಪಶ್ರೀಗೆ ಅದು ಸಾಲಲಿಲ್ಲ. ಗೆಸ್ಟುಗಳು ತಾವೇ ಸೊಪ್ಪು ಕಿತ್ತು ಅಡುಗೆಮನೆಗೆ ಕೊಡುವಂತಿರಬೇಕು, ಆದರೆ ಬಗ್ಗಬಾರದು, ಕಾಲಿಗೆ ಕೆಸರು ಹತ್ತಬಾರದು ಎಂಬುದು ಅವಳ ಆಸೆ. ಅದಕ್ಕೆ ಏರುಮಡಿಯೇ ಸರಿ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದರು. ಅಂಗಳದಲ್ಲಿ ಸಿಮೆಂಟ್ ಇಟ್ಟಿಗೆಯ ಐದು ತೊಟ್ಟಿಗಳೆದ್ದವು. ದನಕ್ಕೆ ನೀರಿಡುವ ಬಾನಿಗಿಂತ ಸ್ವಲ್ಪ ಎತ್ತರ, ಮಂಚಕ್ಕಿಂತ ಸ್ವಲ್ಪ ಉದ್ದ.

"ಉದ್ದ ಇಂಟು ಅಗಲ ಇಂಟು ಎತ್ತರ. ಅಷ್ಟೇ ಕಣ್ರೀ, ಸಿಂಪಲ್" ಎಂದಳು ಶಿಲ್ಪಶ್ರೀ.

"ನಂಗೇ ಹೇಳ್ಕೊಡ್ತೀಯಾ?" ಎಂದ ಮಧುಕುಮಾರ. ಐದು ಮಡಿಗೆ ಮೂರು ಸಾವಿರದ ಆರುನೂರು ಘನ ಅಡಿ ಬಂತು. ಟ್ರ್ಯಾಕ್ಟರಿಗೆ ನೂರು ಅಡಿ ಹಿಡಿಯುತ್ತದೆ. ಮೂವತ್ತಾರು ಲೋಡು.

ಮೂವತ್ತಾರು ಲೋಡು ಮಣ್ಣು ಎಂದರೆ ಒಂದು ದಿಬ್ಬ. ಮಂಚದಷ್ಟುದ್ದದ ಐದು ತೊಟ್ಟಿಗೆ ಅದು ಹೇಗೆ ಹಿಡಿಸುತ್ತದೆ ಎಂದು ತಲೆಯೆತ್ತಿ ಆ ತೊಟ್ಟಿಗಳನ್ನು ಒಂದು ಸಲ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ಕೈಯಲ್ಲಿ ಮೊಬೈಲಿದ್ದವನು ಕಣ್ಣನ್ನು ಬಳಸುವುದು ಅವಮಾನ.

ಮಣ್ಣೆಲ್ಲಿಂದ? ಅವನದೇ ಹನ್ನೆರಡು ಎಕರೆ ಇದೆ. ಅದರಲ್ಲಿ ಒಂದು ಬುಟ್ಟಿಯನ್ನೂ ಮುಟ್ಟುವಂತಿಲ್ಲ. ತೆಂಗಿನ ಬೇರು ಈಚೆ ಬರುತ್ತದಂತೆ. ಊರ ಕೆರೆಯ ಹೂಳು, ಗೋಡು ತೆಗೆಸಬಹುದಿತ್ತು, ಅಪ್ಪಣೆಗೆ ಆಫೀಸಿಗೆ ಅಲೆಯಬೇಕು. ಉಳಿದದ್ದು ಕೆರೆಯ ಕೆಳಗಿನ ಹುಚ್ಚಣ್ಣನ ಹೊಲ. ಕಾಲೋನಿಯ ಹುಚ್ಚಣ್ಣನಿಗೆ ದರಖಾಸ್ತಿನಲ್ಲಿ ಸಿಕ್ಕ ಆರು ಗುಂಟೆ ಅದು. ಸಿಕ್ಕಾಗ ಬರೀ ಗರಸು, ಗುದ್ದಲಿ ಹಾಕಿದರೆ ಕಿಡಿ ಹಾರುತ್ತಿತ್ತು. ಹುಚ್ಚಣ್ಣನ ಅಪ್ಪ, ಅವ್ವ, ಆಮೇಲೆ ಹುಚ್ಚಣ್ಣ ಮತ್ತು ಅವನ ಹೆಂಡತಿ ಗಿರಿಯಮ್ಮ ಬೇಸಿಗೆ ಬೇಸಿಗೆಯೂ ಕೆರೆಯಿಂದ ಗೋಡು ಹೊತ್ತು ಅದರ ಮೇಲೆ ಅರ್ಧ ಅಡಿ ಕಪ್ಪು ಮಣ್ಣು ಹಾಸಿದ್ದರು. ಹಗಲೆಲ್ಲ ಗೌಡರ ಹೊಲಗಳಿಗೆ ಹೊತ್ತು, ಸಂಜೆ ಕಡೇ ಮಂಕರಿ ತಮ್ಮ ಹೊಲಕ್ಕೆ. ಆ ಅರ್ಧ ಅಡಿಯೇ ಆ ಮನೆಯ ರಾಗಿ.

ಮಧುಕುಮಾರ ಕಾಲೋನಿಯ ಬಾಯಲ್ಲಿ ಜೀಪು ನಿಲ್ಲಿಸಿ ಹಾರ್ನ್ ಹೊಡೆದ. ಇಳಿಯಲಿಲ್ಲ.

"ಏನ್ಲಾ ಹುಚ್ಚ, ಚೆನ್ನಾಗಿದೀಯಾ?"

ಹುಚ್ಚಣ್ಣನಿಗೆ ಅವನ ಅಪ್ಪನ ವಯಸ್ಸು. "ಇವ್ನಿ ಬುದ್ದಿ" ಎಂದ.

"ಮನೇಲಿ ತರಕಾರಿಗೆ ಮಡಿ ಮಾಡ್ತಾ ಇದೀವಿ. ನಿನ್ ಹೊಲ್ದಲ್ಲಿ ಒಂಚೂರು ಮಣ್ ಬೇಕಾಗಿತ್ತಲ್ಲ."

"ಅದಕ್ಕೇನು ಬುದ್ದಿ, ತಗಳಿ."

ಎಷ್ಟು ಎಂದು ಹುಚ್ಚಣ್ಣ ಕೇಳಲಿಲ್ಲ. ಆ ಕಡೆಯವರಲ್ಲಿ ಮಣ್ಣು ಕೇಳಿದವರಿಗೆ ಇಲ್ಲ ಎನ್ನುವುದಿಲ್ಲ, ಕೊಟ್ಟ ಮಣ್ಣಿಗೆ ದುಡ್ಡು ಮುಟ್ಟುವುದಿಲ್ಲ. ಮೊದಲ ಬುಟ್ಟಿಯನ್ನು ಹೊಲದವನೇ ಎತ್ತಿ ಕೊಡಬೇಕು. ಆಮೇಲೆ ಸಾಕು ಎನ್ನಬೇಕಾದವನು ತೆಗೆದುಕೊಳ್ಳುವವನು. ಕೊಡುವವನ ಬಾಯಲ್ಲಿ ಆ ಮಾತು ಬಂದರೆ ಮುಂದಿನ ವರ್ಷ ಹೊಲವೇ ಅವನಿಗೆ ಸಾಕು ಎನ್ನುತ್ತದೆ ಎಂದು ನಂಬಿಕೆ. ಬಡವರು ಬಡವರೊಡನೆ ಇಟ್ಟುಕೊಂಡ ರೀತಿ ಇದು. ತಲೆಯ ಮೇಲೆ ಹೊರುವವನು ತಾನಾಗಿಯೇ ಬೇಗ ಸಾಕು ಎನ್ನುತ್ತಾನೆ, ಕುತ್ತಿಗೆಯೇ ಅವನಿಂದ ಹಾಗೆ ಹೇಳಿಸುತ್ತದೆ. ಜೆಸಿಬಿಗೆ ಕುತ್ತಿಗೆ ಇಲ್ಲ.

ಗುರುವಾರ ಬೆಳಗ್ಗೆ ಹುಚ್ಚಣ್ಣ ಒಂದು ಮಂಕರಿ ಮಣ್ಣು ತುಂಬಿ, ಕಣ್ಣಿಗೊತ್ತಿಕೊಂಡು ಟ್ರ್ಯಾಕ್ಟರಿನ ಟ್ರೈಲರಿಗೆ ಸುರಿದ. ಹಿಂದಿನಿಂದ ಜೆಸಿಬಿ ಮೂತಿ ಇಳಿಸಿತು.

ಮೂರನೆಯ ಲೋಡಿಗೆ ಐದು ಮಡಿಯೂ ತುಂಬಿದವು. ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಯುವರಾಜ್, ಅವನೂ ಕಾಲೋನಿಯವನೇ, ಮಧುಕುಮಾರನ ಹತ್ತಿರ ಸಂಬಳಕ್ಕಿದ್ದ. ಮಡಿಯ ಅಂಚಿನಿಂದ ಮಣ್ಣು ಉದುರುವುದನ್ನು ಕಂಡು, ರೂಮಿನಲ್ಲಿದ್ದ ಮಧುಕುಮಾರನಿಗೆ ಫೋನು ಮಾಡಿದ.

"ಅಣ್ಣ, ತುಂಬೋದ್ವು."

"ಏನ್ ತುಂಬೋದ್ವು?"

"ಮಡಿ."

"ಮೂರ್ ಲೋಡಿಗೆ ಹೆಂಗ್ಲಾ ತುಂಬ್ತವೆ? ಮೂವತ್ತಾರು ಬೇಕು."

"ನೀವೇ ಬಂದ್ ನೋಡಿ ಅಣ್ಣ. ಇನ್ ಮೇಲೆ ಹಾಕುದ್ರೆ ಗೋಪುರ ಆಯ್ತದೆ."

ಮಧುಕುಮಾರ ಬಂದು ನೋಡಿದ. ಟೇಪು ಹಿಡಿದ, ಮೊಬೈಲು ನೋಡಿದ, ಮತ್ತೆ ಟೇಪು ಹಿಡಿದ. ಎಲ್ಲಿ ತಪ್ಪಿತು ಎಂದು ಅವನಿಗೆ ಅಲ್ಲೇ ತಿಳಿಯಿತು. ಕಿವಿಯ ತುದಿ ಕೆಂಪಾದದ್ದನ್ನು ಯುವರಾಜ್ ಕಂಡ. ಒಂದು ಮಾತು ಸಾಕಿತ್ತು: ತಪ್ಪಾಯ್ತು, ನಿಲ್ಲಿಸು. ಆ ಮಾತಿಗೆ ಖರ್ಚಿಲ್ಲ. ಆದರೆ ಎದುರಿಗೆ ನಿಂತವನು ಸಂಬಳದವನು, ಅದೂ ಕಾಲೋನಿಯವನು. ಅವನ ಮುಂದೆ ಹನ್ನೆರಡು ಎಕರೆಯ ಯಜಮಾನ ಇಂಚು ಮರೆತೆ ಎನ್ನುವುದೆ?

"ನಂಗೊತ್ತಿಲ್ವಾ? ಮಿಕ್ಕಿದ್ದು ಲ್ಯಾಂಡ್‌ಸ್ಕೇಪಿಂಗಿಗೆ. ಇನ್ನೂ ಮಡಿ ಬತ್ತವೆ. ಹೊಡಿ ಹೊಡಿ" ಎಂದ. ಗಾರೆಯವನಿಗೆ ಫೋನು ಮಾಡಿ, ಕಾರು ನಿಲ್ಲಿಸುವ ಜಾಗದಲ್ಲೂ ಮಡಿಗೆ ಗುರುತು ಹಾಕಲು ಹೇಳಿದ. ಲೆಕ್ಕ ತಪ್ಪಾದರೆ ಜನ ಲೆಕ್ಕ ತಿದ್ದಿಕೊಳ್ಳುತ್ತಾರೆ. ಅವನು ತಪ್ಪು ಲೆಕ್ಕಕ್ಕೆ ತಕ್ಕ ಹಾಗೆ ಅಂಗಳವನ್ನೇ ತಿದ್ದಲು ಹೊರಟ.

ಆ ದಿನವೂ ಮಾರನೆಯ ದಿನವೂ ಹುಚ್ಚಣ್ಣ ಬದುವಿನ ಮೇಲೆ ಕುಂತಿದ್ದ. ಪ್ರತಿ ಸಲ ಟ್ರ್ಯಾಕ್ಟರು ತಿರುಗಿ ಬಂದಾಗಲೂ ಇದೇ ಕಡೆಯದಿರಬೇಕು ಅಂದುಕೊಂಡ. ಯುವರಾಜ್ ಒಮ್ಮೆ ಇಳಿದು ಬಂದು, "ಮಾವ, ಸಾಕು ಅನ್ನು. ನೀನಂದ್ರೆ ನಾನ್ ನಿಲ್ಲುಸ್ತೀನಿ" ಎಂದ. ಹುಚ್ಚಣ್ಣ ಇಲ್ಲವೆಂದು ತಲೆಯಾಡಿಸಿದ. "ಕೊಟ್ಟೋನ್ ಅನ್ನಂಗಿಲ್ಲ ಕಣಪ್ಪ. ಅವ್ರೇ ಅಂತಾರೆ, ತಿಳ್ದೋರು." ಈ ಮಾತು ಕೇಳಿ ಕರುಳು ಚುರ್ರೆನ್ನುವುದಾದರೆ ಎನ್ನಲಿ, ಸಿಟ್ಟೂ ಬರಬೇಕು. ಸುಲಿಯುವವನಿಗೆ ತಿಳಿದವನು ಎಂದು ಹೆಸರಿಟ್ಟು ಕಾಯುತ್ತ ಕೂರುವ ಒಳ್ಳೆಯತನಕ್ಕೆ ಕೈಮುಗಿದು ಮುಗಿದೇ ನಾವು ಇಲ್ಲಿಗೆ ಬಂದಿರುವುದು.

ಗಿರಿಯಮ್ಮ ಇದ್ದಿದ್ದರೆ ಜೆಸಿಬಿಯ ಮೂತಿಗೆ ಕಲ್ಲು ಬೀಳುತ್ತಿತ್ತು. ಅವಳು ತಂಗಿ ಮುತ್ತಮ್ಮನ ಮನೆಯ ತಿಥಿಗೆಂದು ಬೇಲೂರಿಗೆ ಹೋಗಿದ್ದಳು. ಶುಕ್ರವಾರ ಸಂಜೆ ಬಸ್ಸಿಳಿದು ಹೊಲದ ಮೇಲೆಯೇ ಬಂದಳು. ಕಪ್ಪಿದ್ದ ಕಡೆ ಬಿಳಿಚಿದ ಗರಸು, ಅದರ ಮೇಲೆ ಜೆಸಿಬಿಯ ಹಲ್ಲಿನ ಗೀಟು. ಕುಂತು, ಬೆರಳಿನಿಂದ ಒತ್ತಿ ನೋಡಿದಳು. ಉಗುರು ಇಳಿಯಲಿಲ್ಲ.

"ಏನ್ ಮಾಡ್ದೆ?" ಎಂದು ಗಂಡನನ್ನು ಕೇಳಿದಳು.

"ಒಂಚೂರು ಕೇಳುದ್ರು."

"ಒಂಚೂರು ಕೇಳುದ್ರೆ ಚರ್ಮ ಸುಲ್ದು ಕೊಟ್ಯಾ? ಪುನರ್ವಸು ಮಳೆ ಮುಗೀತಾ ಬಂತು. ಎಲ್ಲಿ ಬಿತ್ಲಿ? ನಿನ್ ತಲೆ ಮೇಲಾ?"

ಅವಳು ಆ ರಾತ್ರಿ ಉಣ್ಣಲಿಲ್ಲ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಮಗಳು ಸುಷ್ಮಿತಾ ಬಂದಳು. ಅವಳು ಅರಸೀಕೆರೆಯ ಹೈಸ್ಕೂಲೊಂದರಲ್ಲಿ ಕನ್ನಡ ಮೇಡಂ. ಅಲ್ಲೇ ರೂಮು, ವಾರಕ್ಕೊಮ್ಮೆ ಊರು. ಹೊಲ ನೋಡಿದಳು, ಯುವರಾಜನಿಂದ ನಡೆದದ್ದು ಕೇಳಿದಳು, ಅಪ್ಪ ಅವ್ವರನ್ನು ಕರೆದುಕೊಂಡು ಹೋಮ್‌ಸ್ಟೇಗೆ ಹೋದಳು. ಗೇಟಿನ ಒಳಗೆ ಹುಚ್ಚಣ್ಣ ದನದ ಕೊಟ್ಟಿಗೆಯ ಹತ್ತಿರ ತಾನಾಗಿ ನಿಂತ. ಅದರ ಆಚೆಗೆ ಅವನು ಯಾವತ್ತೂ ಹೋದವನಲ್ಲ. ಅಂಗಳದಲ್ಲಿ ಅವನ ಮಣ್ಣು ಮಾತ್ರ ತುಳಸಿಕಟ್ಟೆಯನ್ನೂ ದಾಟಿ, ಅಡುಗೆಮನೆಯ ಬಾಗಿಲಿನವರೆಗೂ ಗುಡ್ಡೆಯಾಗಿ ಹೋಗಿತ್ತು.

"ಮಧುಕುಮಾರ್ ಅವ್ರೇ" ಎಂದಳು ಸುಷ್ಮಿತಾ.

ಆ ಕಾಲೋನಿಯ ಬಾಯಿಂದ ತನ್ನ ಹೆಸರನ್ನು ಅವನು ಮೊದಲ ಸಲ ಕೇಳಿದ್ದು. ಹುಬ್ಬು ಮೇಲೇರಿತು.

"ಏನಮ್ಮ?"

"ನಿಮ್ಮ ಮಡಿಗೆ ಮೂರು ಲೋಡು ಸಾಕಾಯ್ತಂತೆ. ಮಿಕ್ಕ ಮಣ್ಣು ವಾಪಸ್ ಕಳ್ಸಿ."

"ಕೊಟ್ಟಿದ್ದು ನಿಮ್ಮಪ್ಪ. ಕೇಳ್ಕೋ."

"ಒಂಚೂರು ಅಂತ ಕೇಳಿದ್ದು ನೀವು."

"ಒಂಚೂರು ಅಂದ್ರೆ ಎಷ್ಟು ಅಂತ ಅಳತೆ ಐತಾ? ನಿಮ್ಮಪ್ಪ ಅಲ್ಲೇ ಕೂತಿದ್ದ, ಬೇಡ ಅಂದ್ನಾ? ಏನ್ಲಾ ಹುಚ್ಚ, ಬೇಡ ಅಂದ್ಯಾ?"

ಕೊಟ್ಟಿಗೆಯ ಹತ್ತಿರದಿಂದ ಹುಚ್ಚಣ್ಣ, "ಇಲ್ಲ ಬುದ್ದಿ" ಎಂದ.

"ಕೇಳುಸ್ಕೊಂಡ್ಯಾ? ಈಗ ಅದು ನನ್ ಮಣ್ಣು. ಮಣ್ಣಿನ್ ಮೇಲೆ ಹೆಸರು ಬರ್ದಿರುತ್ತಾ? ಬೇಕಾದ್ರೆ ಒಂದ್ ಲೋಡು ಗೊಬ್ಬರ ಹೊಡುಸ್ತೀನಿ, ಗರಸಿಗೆ ಬೆರುಸ್ಕೊಳ್ಳಿ."

"ಗೊಬ್ಬರದ ಮೇಲೆ ರಾಗಿ ನಿಲ್ಲುತ್ತಾ? ನಾನು ತಾಸಿಲ್ದಾರ್‌ಗೆ ಬರ್ದು ಕೊಡ್ತೀನಿ."

"ಕೊಡು. ಟೀಚರ್ ಅಲ್ವಾ, ಚೆನ್ನಾಗ್ ಬರೀತೀಯ. ಅವ್ರು ಓದೋ ಹೊತ್ಗೆ ಇಲ್ಲಿ ಬದನೆಕಾಯಿ ಬಿಟ್ಟಿರುತ್ತೆ."

ಶಿಲ್ಪಶ್ರೀ ಮಡಿಯೊಂದಕ್ಕೆ ಅರಸೀಕೆರೆಯಿಂದ ತರಿಸಿದ ತೆಂಗಿನ ನಾರಿನ ಪುಡಿ ಬೆರೆಸುತ್ತಿದ್ದಳು, ಕೈಗೆ ಗ್ಲೌಸು. "ಬೇಜಾರ್ ಮಾಡ್ಕೋಬೇಡಿ, ಮಣ್ಣು ಎಲ್ಲಿದ್ರೂ ಭೂಮ್ತಾಯಿನೇ ಅಲ್ವಾ" ಎಂದು ನಕ್ಕಳು. ಭೂಮಿತಾಯಿಯನ್ನು ಗ್ಲೌಸು ಹಾಕಿಕೊಂಡು ಮುಟ್ಟುವವರು ಈ ಮಾತನ್ನು ಬಹಳ ಚೆನ್ನಾಗಿ ಹೇಳುತ್ತಾರೆ.

ಗಿರಿಯಮ್ಮ ಗುಡ್ಡೆಯ ಹತ್ತಿರ ಹೋಗಿ ಒಂದು ಹಿಡಿ ಮಣ್ಣೆತ್ತಿ ಹಿಸುಕಿದಳು. ಹಿಂದಿನ ರಾತ್ರಿ ಹನಿದಿತ್ತು. ಮಣ್ಣು ಉಂಡೆಯಾಗಿ, ಬೆರಳು ತಾಗಿದೊಡನೆ ಒಡೆಯಿತು.

"ಹದ ಐತೆ. ನಡೀರಿ" ಎಂದಳು ಮಗಳಿಗೂ ಗಂಡನಿಗೂ.

"ಎಲ್ಲಿಗವ್ವ?"

"ಮನೆಗೆ. ಬಿತ್ನೆ ರಾಗಿ ಒಣಗಾಕ್ಬೇಕು. ನಾಳೆ ಬಿತ್ತೋದು."

"ಎಲ್ಲಿ ಬಿತ್ತೋದು?"

"ಮಣ್ ಎಲ್ಲೈತೋ ಅಲ್ಲಿ."

ಭಾನುವಾರ ಬೆಳಗ್ಗೆ ಆರೂ ರೂಮು ಭರ್ತಿಯಾಗಿದ್ದವು. ಗೆಸ್ಟುಗಳು ಕಾಫಿ ಲೋಟ ಹಿಡಿದು ಅಂಗಳಕ್ಕೆ ಬರುವ ಹೊತ್ತಿಗೆ ಗಿರಿಯಮ್ಮ ಮಡಿಲಲ್ಲಿ ರಾಗಿ ಕಟ್ಟಿಕೊಂಡು ಗೇಟು ದಾಟಿದಳು. ಹಿಂದೆ ಸುಷ್ಮಿತಾ, ಪಕ್ಕದ ಮನೆಯ ಮಹದೇವಮ್ಮ, ಆಮೇಲೆ ಕಾಲೋನಿಯ ಇನ್ನಷ್ಟು ಹೆಂಗಸರು, ಹೆಗಲ ಮೇಲೆ ಗುದ್ದಲಿ, ಕೈಯಲ್ಲಿ ಕುಡುಗೋಲು. ಕೊಟ್ಟಿಗೆಯ ಹತ್ತಿರ ಯಾರೂ ನಿಲ್ಲಲಿಲ್ಲ. ಗುಡ್ಡೆಯನ್ನು ಎಳೆದು ಹರವಿದರು. ಶಿಲ್ಪಶ್ರೀ ಮಡಿಯಲ್ಲಿ ನೆಟ್ಟಿದ್ದ ಲೆಟ್ಯೂಸ್ ಸಸಿಗಳನ್ನು ಕಿತ್ತು ಒಪ್ಪವಾಗಿ ಬದಿಗೆ ಜೋಡಿಸಿಟ್ಟರು. ಗಿರಿಯಮ್ಮ ಪೂರ್ವಕ್ಕೆ ಕೈಮುಗಿದು ಮೊದಲ ಹಿಡಿ ಎರಚಿದಳು.

"ವಾವ್" ಎಂದಳು ಟೋಪಿ ಹಾಕಿಕೊಂಡಿದ್ದ ಗೆಸ್ಟೊಬ್ಬಳು. "ಆಂಟಿ, ನಾವೂ ಬಿತ್ತಬಹುದಾ? ಇದು ಪ್ಯಾಕೇಜಲ್ಲೇ ಬರುತ್ತಾ?"

"ಬಾರವ್ವ, ಬಿತ್ತು. ಮೆಲ್ಲಗೆ ಎರಚು, ಕೋಳಿಗ್ ಹಾಕ್ದಂಗಲ್ಲ."

"ಎಷ್ಟು ಚೆನ್ನಾಗಿದೆ ನಿಮ್ಮ ಗಾರ್ಡನ್ನು!"

"ಗಾರ್ಡನ್ ಅಲ್ಲ ಕಣವ್ವ, ಹೊಲ. ಕೆರೆ ಕೆಳಗಿತ್ತು. ಮೊನ್ನೆ ಇವ್ರು ಇಲ್ಲಿಗೆ ಹೊತ್ಕೊಂಡ್ ಬಂದ್ರು. ಅದ್ಕೇ ನಾವೂ ಬಂದೋ."

ಟೋಪಿಯವಳ ನಗೆ ಅರ್ಧಕ್ಕೆ ನಿಂತಿತು. ಕೆಲವರು ಮೊಬೈಲು ಎತ್ತಿದರು.

ಮಧುಕುಮಾರ ಬನಿಯನ್ನಿನಲ್ಲೇ ಓಡಿ ಬಂದ. "ಏಯ್, ಯಾರನ್ ಕೇಳಿ ಒಳಕ್ ಬಂದ್ರಿ? ನಡೀರಿ ಆಚೆ! ಪೊಲೀಸ್ ಕರೀತೀನಿ!"

"ಕರೀರಿ ಮಧುಕುಮಾರ್ ಅವ್ರೇ" ಎಂದಳು ಸುಷ್ಮಿತಾ. "ಏನಂತ ಬರೆಸ್ತೀರ? ಅವ್ರ ಹೊಲದ ಮಣ್ಣಲ್ಲಿ ಅವ್ರೇ ರಾಗಿ ಬಿತ್ತವ್ರೆ ಅಂತಾನಾ?"

"ಇದು ನನ್ ಜಾಗ!"

"ಜಾಗ ನಿಂದೇ ಕಣಪ್ಪ" ಎಂದಳು ಗಿರಿಯಮ್ಮ, ಕೈ ನಿಲ್ಲಿಸದೆ. "ಜಾಗ ಯಾರ್ ಕೇಳುದ್ರು? ಮಣ್ಣಿನ್ ಮೇಲೆ ನಿಂತಿದೀವಿ. ಹುಟ್ಟುದ್ ಮೇಲೆ ಕುಂಟೆ ಹೊಡ್ಯಕ್ ಬತ್ತೀವಿ, ಕಳೆ ಕೀಳಕ್ ಬತ್ತೀವಿ, ಹಕ್ಕಿ ಓಡ್ಸಕ್ ಬತ್ತೀವಿ. ಕುಯ್ದು, ಬಡ್ದು, ತೂರ್ಕೊಂಡ್ ಹೋಯ್ತೀವಿ. ದಿನಾ ಬರೋರ್ಗೆ ಗೇಟ್ ಹಾಕ್ಬೇಡ, ನಿಂಗೇ ತೆಗ್ಯೋ ಕಷ್ಟ."

ಹೆಂಗಸರು ಕಿಸಕ್ಕೆಂದರು. ಬಿಸಿಲೇರಿತ್ತು. ಮಹದೇವಮ್ಮ ಅಡುಗೆಮನೆಯ ಹೊರಗಿನ ನಲ್ಲಿ ತಿರುಗಿಸಿ ಬೊಗಸೆಯೊಡ್ಡಿ ನೀರು ಕುಡಿದಳು, ಮುಖ ತೊಳೆದಳು, ಹೋಗಿ ಹಳೆಯ ಮನೆಯ ಜಗುಲಿಯ ಮೇಲೆ ಕಾಲು ಚಾಚಿ ಕುಂತಳು. ಇಬ್ಬರು ಅವಳ ಪಕ್ಕಕ್ಕೆ ಬಂದು ಎಲೆಅಡಿಕೆ ಬಿಚ್ಚಿದರು.

ಒಳಗಿನಿಂದ ಮಧುಕುಮಾರನ ತಾಯಿ ಮಾದಮ್ಮ ಹೊರಗೆ ಬಂದಳು. ಮೂರು ದಿನದಿಂದ ಆ ಮಣ್ಣು ಅಡುಗೆಮನೆಯ ಹೊಸ್ತಿಲಿನವರೆಗೂ ಬಿದ್ದಿತ್ತು, ಅವಳು ತುಳಿದುಕೊಂಡೇ ಓಡಾಡಿದ್ದಳು, ಒಂದು ದಿನವೂ ಮೂಗು ಮುರಿದಿರಲಿಲ್ಲ. ಮಣ್ಣು ಹಾಸಿದ ಕೈಗಳು ಜಗುಲಿಯ ಮೇಲೆ ಕಂಡೊಡನೆ ಕೂಗಿಕೊಂಡಳು.

"ಅಯ್ಯಯ್ಯೋ! ಜಗಲಿ ಮೇಲೆ ಕುಂತವ್ರಲ್ಲೋ ಮಧು! ನಲ್ಲಿ ಮುಟ್ಟವ್ರಲ್ಲೋ!"

"ಅತ್ತೆ, ಗೆಸ್ಟ್ ಮುಂದೆ ಹಂಗೆಲ್ಲ ಅನ್ಬೇಡಿ" ಎಂದು ಶಿಲ್ಪಶ್ರೀ ಹಲ್ಲು ಕಚ್ಚಿ ಪಿಸುಗುಟ್ಟಿದಳು. ಅತ್ತೆ ಅಂದದ್ದು ತಪ್ಪು ಎಂದಲ್ಲ, ಗೆಸ್ಟಿನ ಮುಂದೆ ಅಂದದ್ದು ತಪ್ಪು. ಇಷ್ಟು ವರ್ಷದ ಓದಿನಲ್ಲಿ ಆ ಮನೆಗೆ ಬಂದ ಬದಲಾವಣೆ ಅದು: ದನಿ ತಗ್ಗಿದೆ.

"ಅವ್ರ್ ಮಣ್ಣೇ ಬ್ಯಾಡ ನಮ್ಗೆ. ಇವತ್ತೇ ಕಳ್ಸೋ ಅದನ್ನ" ಎಂದಳು ಮಾದಮ್ಮ.

"ಅವ್ವ, ಮಿಕ್ಕಿದ್ದು ಕಳುಸ್ತೀನಿ. ಮಡೀಲಿರೋದು ಇರ್ಲಿ, ಅದು ಮೂರೇ ಲೋಡು..."

"ಒಂದ್ ಹಿಡಿ ಇರ್ಬಾರ್ದು! ಮಣ್ಣಿದ್ರೆ ಹಿಂದೇಲೆ ಇವ್ರೂ ಬತ್ತಾರೆ. ಗೊತ್ತಾಗಲ್ವಾ?"

ಗೊತ್ತಾಗಿತ್ತು. ಎಲ್ಲರಿಗೂ ಗೊತ್ತಾಗಿತ್ತು. ತಾಸಿಲ್ದಾರನ ಹೆಸರೆತ್ತಿದ್ದರಿಂದ ಆಗದಿದ್ದದ್ದು, ನ್ಯಾಯ ಅನ್ಯಾಯದ ಮಾತಿನಿಂದ ಆಗದಿದ್ದದ್ದು, ಮಹದೇವಮ್ಮ ಜಗುಲಿಯ ಮೇಲೆ ಕಾಲು ಚಾಚಿದ್ದರಿಂದ ಆಯಿತು. ಅವರ ಅಸಹ್ಯ ಅವರ ದುರಾಸೆಗಿಂತ ದೊಡ್ಡದು.

ಮಧ್ಯಾಹ್ನಕ್ಕೆ ಜೆಸಿಬಿ ಬಂತು. ಯುವರಾಜ್ ಅದೇ ಟ್ರ್ಯಾಕ್ಟರಿನಲ್ಲಿ ಸೋಮವಾರ ಸಂಜೆಯವರೆಗೂ ಮಣ್ಣು ಹಿಂದಕ್ಕೆ ಹೊಡೆದ, ಒಂದು ಸಲವೂ ಫೋನು ಮಾಡಲಿಲ್ಲ. ಬಿತ್ತಿದ ರಾಗಿಯೂ ಮಣ್ಣಿನೊಂದಿಗೆ ಬಂತು. ಅಂಗಳದಲ್ಲಿ ಐದು ಸಿಮೆಂಟ್ ತೊಟ್ಟಿಗಳು ಬಾಯ್ತೆರೆದುಕೊಂಡು ಉಳಿದವು, ಕಾರು ನಿಲ್ಲಿಸುವ ಜಾಗದಲ್ಲಿ ಸುಣ್ಣದ ಗೀಟು ಉಳಿಯಿತು.

ಹೋದ ಮಣ್ಣು ಹೋದ ಹಾಗೆಯೇ ಬರಲಿಲ್ಲ. ಗರಸು ಬೆರೆತಿತ್ತು, ಸಿಮೆಂಟಿನ ಹೆಂಟೆಗಳಿದ್ದವು, ನಾರಿನ ಪುಡಿ, ಗಿಡದ ಹೆಸರಿನ ಪ್ಲಾಸ್ಟಿಕ್ ಚೀಟಿ ಅಂಟಿಸಿದ ಕಡ್ಡಿಗಳಿದ್ದವು. ಮೊದಲಿನ ಹದಕ್ಕೆ ಬರಲು ಇನ್ನೆಷ್ಟು ಬೇಸಿಗೆ ಗೋಡು ಹೊರಬೇಕೋ. ಸುಷ್ಮಿತಾ ಒಂದು ದಿನ ರಜಾ ಹಾಕಿ ಅವ್ವನ ಜೊತೆ ಹೆಂಟೆ ಆರಿಸಿ ಬದುವಿಗೆ ಎಸೆದಳು. ಹುಚ್ಚಣ್ಣ ಹರವುವುದನ್ನು ನಿಲ್ಲಿಸಿ, ಹೋಮ್‌ಸ್ಟೇಯ ಕಡೆಗೆ ನೋಡುತ್ತ ನಿಂತಿದ್ದ.

"ಮೂರ್ ಲೋಡು ಅವ್ರದ್ದು ಕಣೇ" ಎಂದ ಕೊನೆಗೆ. "ನಾನ್ ಬಾಯ್ ಬಿಟ್ಟು ತಗಳಿ ಅಂದಿದ್ದೆ. ಕೊಟ್ಟಿದ್ದು ವಾಪಸ್ ಬಂದ್ರೆ ಚೆನ್ನಾಗಿರಾಕಿಲ್ಲ. ಹೋಗಿ ಕೊಟ್ ಬರ್ಲಾ?"

ಸುಷ್ಮಿತಾ ಬಾಯಿ ತೆರೆದಳು. ಗಿರಿಯಮ್ಮ ಕೈಯೆತ್ತಿ ಅವಳನ್ನು ತಡೆದಳು.

"ಹೋಗು. ಯಾರ್ ಬ್ಯಾಡ ಅಂದ್ರು? ಮಂಕರೀಲಿ ತುಂಬ್ಕೊ, ತಲೆ ಮೇಲೆ ಇಟ್ಕೊ, ಕೊಟ್ಟಿಗೆ ತಾವ ನಿಲ್ಬೇಡ. ಒಳಗಂಟ ಹೋಗಿ, ನೀನೇ ನಿನ್ ಕೈಯ್ಯಾರೆ ಆ ತೊಟ್ಟಿಗ್ ಸುರಿ. ಒಳಕ್ ಬಿಟ್ರೆ ಸುರ್ದು ಬಾ."

ಹುಚ್ಚಣ್ಣ ಮಂಕರಿ ತುಂಬಿದ. ಸಿಂಬಿ ಸುತ್ತಿ, ತಲೆಗೇರಿಸಿ, ಬದುವಿನವರೆಗೆ ನಡೆದ. ರಸ್ತೆಯಾಚೆ ಗೇಟು ಕಾಣುತ್ತಿತ್ತು. ಹಗಲಲ್ಲೇ ಅದಕ್ಕೆ ಹೊಸ ಬೀಗ ಬಿದ್ದಿತ್ತು. ತಿರುಗಿ ಬಂದು, ಗರಸು ಇನ್ನೂ ಮುಚ್ಚದೆ ಉಳಿದಿದ್ದ ಮೂಲೆಗೆ ಮಂಕರಿಯನ್ನು ಬೋರಲು ಹಾಕಿ, ಮಣ್ಣನ್ನು ಕಾಲಿನಿಂದ ಸಮಮಾಡತೊಡಗಿದ.